ಶಿರಸಿಯಿಂದ ಉಳವಿಗೆ: ತಾಯಂದಿರ ಏಕಾಂತವನ್ನು ಅರಸಿ

ಕಳೆದ ಭಾರತ ಹುಣ್ಣಿಮೆಗೆ ಇನ್ನೂ ಒಂದು ತಿಂಗಳಿರುವಾಗ ಶಿರಸಿಯ ಕೆಲವು ಸಹೋದರಿಯರು ನನಗೊಂದು ಕಾಗದದ ಕಟ್ಟನ್ನು ಕಳುಹಿಸಿಕೊಟ್ಟರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಸ್ತ್ರೀಯರಿಗಾಗಿ ಅವರು ಸ್ವಾನುಭವ ಲೇಖನಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ವಿಷಯ: 'ನನ್ನ ಏಕಾಂತ'. ಜಾತಿ, ವಯಸ್ಸು, ವಿದ್ಯೆಗಳ ಕಟ್ಟುಪಾಡಿರಲಿಲ್ಲ. ಬಂದ ಲೇಖನಗಳು ಇಪ್ಪತ್ತೇಳು. ಅವುಗಳನ್ನೋದಿ ತೀರ್ಪು ಹೇಳಬೇಕೆಂಬುದು ಅವರ ಅಪೇಕ್ಷೆ.

ಮಠದ ಅನ್ನವನ್ನುಂಡು, ಮಠದ ಗುರುಗಳಿಂದ ವ್ಯಾಕರಣವನ್ನೂ ಶಾಸ್ತ್ರವನ್ನೂ ಕಲಿತವನು ನಾನು. ತೀರ್ಪು ಹೇಳುವುದು ನನಗೆ ಹೊಸದಲ್ಲ. ಆದರೂ ಈ ಕಟ್ಟನ್ನು ಬಿಚ್ಚಿದಾಗ ಕೈ ಸ್ವಲ್ಪ ಹಿಂಜರಿಯಿತು. ಅದಕ್ಕೆ ಕಾರಣವಾದ ಹಳೆಯ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ.

ನನಗಾಗ ಇಪ್ಪತ್ತು ವರ್ಷ. ರಜೆಗೆಂದು ಮಠದಿಂದ ಊರಿಗೆ ಬಂದಿದ್ದೆ. ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು ತವರಿಗೆ ಮರಳಿದ್ದ ನಮ್ಮಕ್ಕ ಒಂದು ರಾತ್ರಿ ಊಟವಾದ ಮೇಲೆ ಹಳೆಯ ಪಟ್ಟಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, "ತಮ್ಮಾ, ಇದನ್ನಷ್ಟು ನೋಡೋ" ಎಂದಳು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ತನ್ನ ದಿನಗಳ ಬಗೆಗೆ ಏನೇನೋ ಬರೆದಿದ್ದಳು. ಅವ್ವನಿಗೆ ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿತ್ತು, ಅದರ ಮುಂದೆ ಕುಳಿತು ತನ್ನ ಸುಖದುಃಖ ಹಾಡಿಕೊಳ್ಳುತ್ತಿದ್ದಳು. ಈಗ ಹಿಟ್ಟಿನ ಗಿರಣಿ ಬಂದಿದೆ, ನನಗೆ ಆ ಕಲ್ಲೂ ಇಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ನಾನು ಏನು ಮಾಡಿದೆ? ಕೆಂಪು ಮಸಿಯ ಲೇಖನಿಯನ್ನು ತೆಗೆದುಕೊಂಡು ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದೆ. ಹೊಸತಾಗಿ ಕಲಿತ ವ್ಯಾಕರಣದ ಹುಮ್ಮಸ್ಸು. ಪಟ್ಟಿಯನ್ನು ತಿರುಗಿ ಕೊಟ್ಟಾಗ ಅಕ್ಕ ಪುಟಗಳನ್ನು ಮಗುಚಿ, "ಭಾಳ ತಪ್ಪದಾವಲ್ಲೋ" ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ಎಂದೂ ತೋರಿಸಲಿಲ್ಲ. ಅವಳು ಲಿಂಗೈಕ್ಯಳಾದ ಮೇಲೆ ಟ್ರಂಕನ್ನು ತೆರೆದು ನೋಡಿದೆವು. ಎರಡು ಸೀರೆ, ವಿಭೂತಿಯ ಉಂಡೆ, ಅವ್ವನ ಬಳೆ. ಪಟ್ಟಿ ಇರಲಿಲ್ಲ.

ಆದಕಾರಣ ಈ ಇಪ್ಪತ್ತೇಳು ಲೇಖನಗಳನ್ನು ಮನೆಯಲ್ಲಿ ಕುಳಿತು ಅಳೆಯಬಾರದು, ಬರೆದವರ ನೆಲವನ್ನು ನೋಡಿಬಂದು ಓದಬೇಕು ಎಂದು ನಿಶ್ಚಯಿಸಿ ಹೊರಟೆ.

ಶಿರಸಿಗೆ ನಾನು ತಲುಪಿದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಘಟ್ಟದ ಮೇಲಿನ ಈ ಪಟ್ಟಣ ಅಡಿಕೆ, ಮೆಣಸು, ಯಾಲಕ್ಕಿಗಳ ಪೇಟೆ. ಬಯಲುಸೀಮೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆನಿಂತ ನಮ್ಮ ಸಮಾಜದ ಮನೆಗಳೂ ಇಲ್ಲಿವೆ. ಊರಿನ ಅಧಿದೇವತೆ ಮಾರಿಕಾಂಬೆ. ಎರಡು ವರ್ಷಕ್ಕೊಮ್ಮೆ ಜರಗುವ ಅವಳ ಜಾತ್ರೆಗೆ ನಾಡಿನ ಮೂಲೆಮೂಲೆಗಳಿಂದ ಲಕ್ಷಾಂತರ ಜನ ಸೇರುತ್ತಾರೆ. ಇದೇ ಊರಿನ ಶಂಕರಹೊಂಡದಲ್ಲಿ ಅಘನಾಶಿನಿಯ ಒಂದು ಕವಲು ಹುಟ್ಟುತ್ತದೆ, ಇನ್ನೊಂದು ಮಂಜುಗುಣಿಯಲ್ಲಿ. ಎರಡೂ ಕೂಡಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ, ಸಮುದ್ರವನ್ನು ಸೇರುತ್ತವೆ.

ಪೇಟೆಯ ಒಂದು ದೊಡ್ಡ ಮನೆಯ ಸೊಸೆ ಬರೆದ ಲೇಖನ ಕಟ್ಟಿನಲ್ಲಿತ್ತು. ಮನೆಯಲ್ಲಿ ಹನ್ನೊಂದು ಮಂದಿ. ಆ ತಾಯಿ ತನಗೆ ಏಕಾಂತ ದೊರೆಯುವುದು ಮಾರಿಕಾಂಬೆಯ ಜಾತ್ರೆಯ ಜನಸಂದಣಿಯಲ್ಲಿ ಎಂದು ಬರೆದಿದ್ದಳು! ಓದಿದಾಗ ನಕ್ಕಿದ್ದೆ. ಅವರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಾಗ ಅರ್ಥವಾಯಿತು. ನಾವು ಉಣ್ಣುವಷ್ಟರಲ್ಲಿ ಆ ತಾಯಿಯನ್ನು ಎಷ್ಟು ಜನ ಎಷ್ಟು ಸಲ ಕೂಗಿದರೋ ಲೆಕ್ಕವಿಲ್ಲ. ಜಾತ್ರೆಯಲ್ಲಿ ಅವಳನ್ನು ಯಾರೂ ಕೂಗುವುದಿಲ್ಲ. ಅಲ್ಲಿ ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. "ಬೆಳಿಗ್ಗೆ ಲಿಂಗಪೂಜೆಗೆ ಎಷ್ಟು ಹೊತ್ತು ಕೂಡುತ್ತೀ ತಾಯಿ?" ಎಂದು ಕೇಳಿದೆ. "ಹಾಲು ಉಕ್ಕೋ ತನಕ ಅಜ್ಜಾರ" ಎಂದಳು.

ಆ ಉತ್ತರ ನನ್ನನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ನಮ್ಮ ಧರ್ಮದಲ್ಲಿ ಇಷ್ಟಲಿಂಗವು ಗಂಡಿಗೊಂದು ಬಗೆ, ಹೆಣ್ಣಿಗೊಂದು ಬಗೆ ಎಂದಿಲ್ಲ. ಪತಿಯ ಪೂಜೆಯ ಫಲದಲ್ಲಿ ಸತಿ ಪಾಲು ಪಡೆಯಬೇಕೆಂದೂ ಇಲ್ಲ. ಅವಳ ಅಂಗೈಯಲ್ಲಿ ಅವಳ ಲಿಂಗ, ಅವಳ ಕಣ್ಣು, ಅವಳ ಮನಸ್ಸು, ನಡುವೆ ಮತ್ತೊಬ್ಬರಿಲ್ಲ. ಯಾವ ಗುಡಿಗೂ ಹೋಗದೆ, ಯಾರನ್ನೂ ಕೇಳದೆ ದಿನದಲ್ಲೊಂದು ಹೊತ್ತು ತನ್ನೊಡನೆ ತಾನಿರುವ ಅಧಿಕಾರವನ್ನು ಶರಣರು ಪ್ರತಿಯೊಬ್ಬ ಹೆಣ್ಣುಮಗಳಿಗೂ ಕೊಟ್ಟು ಎಂಟುನೂರು ವರ್ಷಗಳು ಮೀರಿದವು. ಅದನ್ನು ಹಾಲು ಉಕ್ಕುವಷ್ಟು ಹೊತ್ತಿಗೆ ಇಳಿಸಿದವರು ನಾವು, ಅವಳ ಕೈಯ ಪ್ರಸಾದವನ್ನುಣ್ಣುವ ಮನೆಯವರು.

ಶಿರಸಿಯಿಂದ ಬನವಾಸಿ ಹತ್ತಿರ. ಕದಂಬರ ರಾಜಧಾನಿಯಾಗಿದ್ದ ಊರು. ವರದಾ ನದಿ ಅದನ್ನು ಮೂರು ಕಡೆಗಳಿಂದ ಬಳಸಿ ಹರಿಯುತ್ತದೆ. ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಪುರಾಣದಲ್ಲಿ ಕೇಳಿದವರಿಗೆಲ್ಲ ಇಲ್ಲಿಯ ಮಧುಕೇಶ್ವರ ದೇವಾಲಯ ಗೊತ್ತು. ಅಲ್ಲಮಪ್ರಭು ಮದ್ದಳೆ ಬಾರಿಸಿದನೆಂದು ಕವಿ ಹೇಳುವುದು ಈ ಗುಡಿಯಲ್ಲಿಯೇ. ಹರಿಹರನ ರಗಳೆಯಾದರೋ ಪ್ರಭುವನ್ನು ಬಳ್ಳಿಗಾವೆಯವನೆನ್ನುತ್ತದೆ. ಆ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಸತ್ಯಕ್ಕನ ಹಿರೇಜಂಬೂರು, ಮೂರೂ ಇಲ್ಲಿಂದಾಚೆ ಶಿಕಾರಿಪುರ ತಾಲೂಕಿನಲ್ಲಿವೆ. ಏಕಾಂತದಲ್ಲಿ ಶಿವನನ್ನು ಪೂಜಿಸುತ್ತಿದ್ದುದರಿಂದ ಏಕಾಂತದ ರಾಮಯ್ಯನೆಂದು ಹೆಸರು ಪಡೆದ ಶರಣನ ಶಾಸನವಿರುವ ಅಬ್ಬಲೂರು ಕೂಡ ಪಕ್ಕದ ಹಿರೇಕೆರೂರು ಸೀಮೆಯದೇ.

ಗುಡಿಯ ಕಂಬಕ್ಕೊರಗಿ ಕುಳಿತು ನಾನು ಯೋಚಿಸಿದ್ದು ಇದು. ಏಕಾಂತವನ್ನು ಬಯಸಿದ ಗಂಡಸಿಗೆ ಅದೇ ಬಿರುದಾಯಿತು. ಏಕಾಂತವನ್ನು ಬಯಸಿದ ಅಕ್ಕ ಅರಮನೆಯನ್ನು ತೊರೆದು ಹೊರಡಬೇಕಾಯಿತು. ಕಲ್ಯಾಣದ ಅನುಭಾವಿಗಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಕೊನೆಗೆ ಶ್ರೀಶೈಲದ ಕದಳಿಯವರೆಗೆ ನಡೆಯಬೇಕಾಯಿತು. ಎಲ್ಲರೂ ಹಾಗೆ ನಡೆಯಲಾರರು. ವಚನಗಳನ್ನು ರಚಿಸಿದ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರಲ್ಲಿ ಬಹುತೇಕರು ಮನೆ, ಕಾಯಕಗಳನ್ನು ಬಿಡದೆ ಅನುಭಾವವನ್ನು ನುಡಿದವರು. ಕದಿರೆ ರೆಮ್ಮವ್ವೆ ನೂಲುತ್ತಿದ್ದಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುತ್ತಿದ್ದಳು, ಆಯ್ದಕ್ಕಿ ಲಕ್ಕಮ್ಮನ ಮನೆಯ ಕಾಯಕ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು. ಕೈ ದುಡಿಯುತ್ತಿರುವಾಗಲೇ ಮನಸ್ಸಿಗೆ ಏಕಾಂತವನ್ನು ಕಂಡುಕೊಂಡವರು ಇವರು. ಒಬ್ಬೊಬ್ಬರಿಗೂ ಸ್ವಂತ ಅಂಕಿತವಿತ್ತು. ಮಾತು ತನ್ನದೆಂಬುದಕ್ಕೆ ಅದಕ್ಕಿಂತ ದೊಡ್ಡ ರುಜು ಬೇಕೆ?

ಅವರಲ್ಲಿ ಮುಕ್ತಾಯಕ್ಕನ ನೆನಪು ಅಂದು ನನ್ನನ್ನು ಹೆಚ್ಚು ಕಾಡಿತು. ಅಣ್ಣ ಅಜಗಣ್ಣನು ಲಿಂಗೈಕ್ಯನಾದಾಗ ಶೋಕದಲ್ಲಿದ್ದ ಆ ತಂಗಿಯೊಡನೆ ಅಲ್ಲಮಪ್ರಭು ನಡೆಸಿದ ಸಂವಾದ ಶೂನ್ಯಸಂಪಾದನೆಯಲ್ಲಿದೆ. ಪ್ರಭು ಅವಳ ಮಾತನ್ನು ಕೇಳಿದನು, ಪ್ರತಿಯಾಗಿ ನುಡಿದನು, ಅವಳು ಒಪ್ಪದಿದ್ದಾಗ ಮತ್ತೆ ಕೇಳಿದನು. ಆಕೆಯ ವಚನಗಳ ಅಂಕಿತದಲ್ಲಿ ಅಣ್ಣನ ಹೆಸರೇ ಇದೆ. ಅಕ್ಕನ ಮಾತನ್ನು ಕೇಳಬೇಕಾದ ತಮ್ಮ ನಾನಾಗಿದ್ದೆ, ಕೇಳಲಿಲ್ಲ, ತಿದ್ದಿದೆ.

ಮರುದಿನ ಸಿದ್ದಾಪುರದ ಹಾದಿ. ಗುಡ್ಡ, ಕಣಿವೆ, ಕಣಿವೆಯ ತಳದಲ್ಲಿ ಅಡಿಕೆಯ ತೋಟ, ತೋಟದ ತಲೆಯ ಮೇಲೆ ಒಂದು ಮನೆ, ಅದರಾಚೆ ಸೊಪ್ಪಿನ ಬೆಟ್ಟ. ಮುಂದಿನ ಮನೆ ಕಾಣಬೇಕಾದರೆ ಇನ್ನೊಂದು ಗುಡ್ಡವನ್ನು ದಾಟಬೇಕು. ಬಯಲುಸೀಮೆಯ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಈ ಮನೆಗಳು ತಪೋವನಗಳಂತೆ ಕಾಣುತ್ತವೆ. ದೂರದಿಂದ ನೋಡುವವನ ಮಾತು ಅದು ಎಂದು ಬೇಗನೆ ತಿಳಿಯಿತು.

ಈ ತಾಲೂಕಿನ ಹೆಂಗಸರು ಒಂಟಿಯಾಗಿ ನಿಂತದ್ದು ಇಂದು ನಿನ್ನೆಯಲ್ಲ. 1930ರಿಂದ 1932ರವರೆಗಿನ ಕರನಿರಾಕರಣೆಯ ಚಳವಳಿಯಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡದೆ ಜಮೀನು ಕಳೆದುಕೊಂಡರು, ಸೆರೆಮನೆ ಸೇರಿದರು. ಆಗ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಉಳಿದವರು, ತಾವೂ ಸತ್ಯಾಗ್ರಹಕ್ಕೆ ಇಳಿದವರು ಈ ತಾಯಂದಿರು.

ಲೇಖನ ಬರೆದ ಹಿರಿಯ ಹವ್ಯಕ ತಾಯಿಯೊಬ್ಬರ ಮನೆಗೆ ಕಾಲುಸಂಕ ದಾಟಿ ಹೋದೆ. ನಾನಿನ್ನೂ ಅಂಗಳದಲ್ಲಿರುವಾಗಲೇ ಕೈಕಾಲಿಗೆ ನೀರು ಕೊಟ್ಟು, "ಆಸ್ರಿಗೆ ಎಂತ ಕೊಡ್ಲಿ?" ಎಂದು ಕೇಳಿ ಮುರುಗಲ ಪಾನಕವನ್ನು ತಂದಿಟ್ಟರು. ಪತಿ ತೀರಿ ಕೆಲವು ವರ್ಷಗಳಾಗಿವೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ದಿನಾ ರಾತ್ರಿ ಮೊಬೈಲಿನಲ್ಲಿ ಮುಖ ನೋಡಿ ಮಾತಾಡುತ್ತಾರೆ. ತೋಟ ಕೊಯ್ಲಿಗೆ ಬಂದಾಗ ಕೊನೆಗೌಡನಿಗಾಗಿ ಕಾಯಬೇಕು. ಹಿಂದೆ ಅಡಿಕೆ ಸುಲಿಯಲು ಅಕ್ಕಪಕ್ಕದ ಹೆಂಗಸರು ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ನಗುತ್ತ ಹರಟುತ್ತ ಇರುತ್ತಿದ್ದ ಜಗಲಿಯಲ್ಲಿ ಈಗ ಸುಲಿಯುವ ಯಂತ್ರವಿದೆ.

ಆ ತಾಯಿ ನನಗೆ ಹೇಳಿದರು: "ಏಕಾಂತ ಹೇಳಿ ಬರೆಯಲೆ ಕೂತೆ. ಬರೆದು ಮುಗಿಸಿ ಓದಿದರೆ ಅದು ಬರೀ ಒಂಟಿತನ ಆಗಿತ್ತು. ಹರಿದು ಹಾಕಿ ಮತ್ತೆ ಬರೆದೆ." ಎರಡನೆಯ ಸಲ ಅವರು ಬರೆದದ್ದು ಒಂದು ಸಂಜೆಯ ವಿಷಯ. ದೀಪ ಹಚ್ಚುವ ಹೊತ್ತಿಗೆ ವಿದ್ಯುತ್ತು ಹೋಗಿ, ಮೊಬೈಲೂ ಸತ್ತು, ಮಳೆ ಹಿಡಿದು, ಯಾರೂ ತಮ್ಮನ್ನು ಕೇಳುವವರಿಲ್ಲ ಎಂದಾದಾಗ ಮೊದಲು ಹೆದರಿಕೆಯಾಯಿತಂತೆ. ಗಳಿಗೆ ಕಳೆದ ಮೇಲೆ ಹೆದರಿಕೆ ಹೋಗಿ, ಮದುವೆಗೆ ಮೊದಲು ತಾವು ಹಾಡುತ್ತಿದ್ದುದು ನೆನಪಾಗಿ ಹಾಡಿದರಂತೆ. ಒಂಟಿತನ ಹೊರಗಿನಿಂದ ಬಂದು ಬೀಳುವುದು, ಏಕಾಂತವನ್ನು ನಾವಾಗಿ ಒಳಗೆ ಬರಮಾಡಿಕೊಳ್ಳಬೇಕು ಎಂಬುದನ್ನು ನಾನು ಪ್ರವಚನಗಳಲ್ಲಿ ಹೇಳಿದ್ದುಂಟು. ಆ ತಾಯಿ ಅದನ್ನು ಒಂದು ಮಳೆಯ ಸಂಜೆಯಲ್ಲಿ ಬಾಳಿ ನೋಡಿದ್ದರು. ಆದರೂ ನಾನು ಹೊರಟು ನಿಂತಾಗ, "ಇನ್ನೊಂದು ಗಳಿಗೆ ಕೂತ್ಕೊಳಿ" ಎಂದರು. ಏಕಾಂತ ಒಲಿದವರಿಗೂ ಜನ ಬೇಕು.

ಶಿರಸಿಗೆ ಮರಳಿ ಯಲ್ಲಾಪುರದ ರಸ್ತೆ ಹಿಡಿದಾಗ ದಾರಿಯಲ್ಲಿ ಸಹಸ್ರಲಿಂಗ. ಶಾಲ್ಮಲಾ ನದಿಯ ಬಂಡೆಬಂಡೆಗಳ ಮೇಲೂ ಲಿಂಗ, ಎದುರಿಗೆ ನಂದಿ. ಸ್ವಾದಿಯ ಅರಸರು ಕೊರೆಯಿಸಿದವೆಂದು ಪ್ರತೀತಿ. ಮಳೆಗಾಲದಲ್ಲಿ ನೀರಿನಡಿ ಮುಳುಗುವ ಇವು ಬೇಸಿಗೆ ಸಮೀಪಿಸಿದಂತೆ ಮೇಲೆದ್ದು ಕಾಣುತ್ತವೆ. ಅಲ್ಲೊಂದು ಬಂಡೆಯ ಮೇಲೆ ಒಂದು ತಾಸು ಸುಮ್ಮನೆ ಕುಳಿತೆ. ಹೋಗಿಬರುವವರು ಕೈಮುಗಿದು ಪಕ್ಕಕ್ಕೆ ಸರಿದು ನಡೆದರು. ಆಗ ಹೊಳೆಯಿತು: ಹೆಗಲಲ್ಲಿ ಜೋಳಿಗೆಯಿರುವ ಗಂಡಸು ಹೊಳೆಯ ನಡುವೆ ಒಬ್ಬನೇ ಕುಳಿತರೆ ಜನ ಅದನ್ನು ಧ್ಯಾನ ಎನ್ನುತ್ತಾರೆ. ನಮ್ಮಕ್ಕ ಹೀಗೆ ಕುಳಿತಿದ್ದರೆ? "ಏನಾಗ್ಯದ ಈಕಿಗೆ?" ಎಂದು ಊರೇ ಕೇಳುತ್ತಿತ್ತು. ಏಕಾಂತ ನನಗೆ ಎಂದೂ ದುರ್ಲಭವಾಗಿರಲಿಲ್ಲ. ಅದು ತಪಸ್ಸಿನ ಫಲವೆಂದು ತಿಳಿದಿದ್ದೆ. ಅದರಲ್ಲಿ ಅರ್ಧ ಗಂಡಾಗಿ ಹುಟ್ಟಿದುದರ ಫಲ.

ಯಲ್ಲಾಪುರ ಕಾಡು ದಟ್ಟವಾಗಿರುವ ತಾಲೂಕು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯಲ್ಲಿ ಲಾರಿಗಳ ಸದ್ದು ಹಗಲಿರುಳೂ ನಿಲ್ಲುವುದಿಲ್ಲ. ಆ ರಸ್ತೆಯನ್ನು ಬಿಟ್ಟು ಒಳಗೆ ನಡೆದರೆ ಮಾತ್ರ ಮೌನ. ಬೇಡ್ತಿ ನದಿ ಮಾಗೋಡಿನಲ್ಲಿ ಧುಮುಕುವ ಸದ್ದನ್ನು ಮೌನದ ಭಾಗವೆಂದೇ ಎಣಿಸಬೇಕು.

ಇಲ್ಲಿಂದ ಬಂದ ಲೇಖನವೊಂದು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿತ್ತು. ಎರಡೇ ಪುಟ. ಪೂರ್ಣವಿರಾಮಗಳಿಲ್ಲ, ಕಾಗುಣಿತ ಅಡ್ಡಾದಿಡ್ಡಿ. ಬರೆದವಳು ಕೂಲಿ ಮಾಡುವ ವಿಧವೆ. ಮನೆಯಿಂದ ತೋಟದ ಕೆಲಸಕ್ಕೆ ಕಾಡುದಾರಿಯಲ್ಲಿ ಮುಕ್ಕಾಲು ತಾಸು ನಡೆಯಬೇಕು. ಆ ಮುಕ್ಕಾಲು ತಾಸು ಮಾತ್ರ ತನ್ನದು. ಹೋಗುವಾಗ ಆ ದಿನದ ಚಿಂತೆ, ಬರುವಾಗ ತೀರಿಹೋದವನ ಜೊತೆ ಮಾತು. ಮನೆ ಕಂಡೊಡನೆ ಮಾತು ನಿಲ್ಲುತ್ತದೆ, ಇಷ್ಟೇ ಅದರ ಸಾರ. ಅವಳನ್ನು ಕಂಡು ನಾಲ್ಕು ಮಾತಾಡಿದೆ. ಏಕೆ ಬರೆದೆ ತಾಯಿ ಎಂದಾಗ, "ಯಾರೂ ಕೇಳಿರಲಿಲ್ಲ, ಇವರು ಕೇಳಿದರು" ಎಂದಳು.

ಅವಳ ಕೇರಿಯ ಸಮೀಪದಲ್ಲಿಯೇ ಸಿದ್ದಿ ಜನರ ವಸತಿ. ಶತಮಾನಗಳ ಹಿಂದೆ ಆಫ್ರಿಕದಿಂದ ತರಲ್ಪಟ್ಟವರ ಸಂತತಿ ಇವರು; 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅಲ್ಲಿಯ ಅಜ್ಜಿಯೊಬ್ಬಳು ಜಗಲಿಯಲ್ಲಿ ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಅಂಚಿನಿಂದ ಆರಂಭಿಸಿ ಒಳಕ್ಕೆ ಹೊಲಿದು, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯ ಹೂವು ಕೂಡಿಸುವುದು ಅವರ ಪದ್ಧತಿ. ಅಕ್ಷರ ಬಾರದ ಆ ತಾಯಿಯ ಲೇಖನ ನನ್ನ ಕಟ್ಟಿನಲ್ಲಿರಲಿಲ್ಲ. ಇರಬೇಕಾಗಿತ್ತು.

ಯಲ್ಲಾಪುರದಿಂದ ದಾಂಡೇಲಿಯ ಮಾರ್ಗವಾಗಿ ಉಳವಿಗೆ ಹೋದೆ. ನಮ್ಮ ವಾಚಕರಲ್ಲಿ ಅನೇಕರು ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋದವರೇ. ಕಲ್ಯಾಣ ಕ್ರಾಂತಿಯ ತರುವಾಯ ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ, ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಶರಣರು ಈ ಅರಣ್ಯಕ್ಕೆ ಬಂದರೆಂಬುದನ್ನು ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಚೆನ್ನಬಸವಣ್ಣನು ಐಕ್ಯನಾದ ತಾಣವಿದು. ಅವನ ತಾಯಿ, ಬಸವಣ್ಣನ ಅಕ್ಕ, ನಾಗಮ್ಮನ ಹೆಸರಿನ ಗವಿಯೂ ಇಲ್ಲಿದೆ. ಜಾತ್ರೆಗೆ ಇನ್ನೂ ದಿನಗಳಿದ್ದುದರಿಂದ ಜನ ವಿರಳ. ಗವಿಯ ತಂಪಿನಲ್ಲಿ ಕುಳಿತು ಆ ಅಕ್ಕನನ್ನು ನೆನೆದೆ. ತಮ್ಮನನ್ನು ಬೆಳೆಸಿದವಳು, ಮಗನನ್ನು ಬೆಳೆಸಿದವಳು, ಮಹಾಮನೆಯ ದಾಸೋಹದ ಹೊರೆ ಹೊತ್ತವಳು, ಕೊನೆಗೆ ಕಾಡು ಸೇರಿದವಳು. ಇಷ್ಟರ ನಡುವೆ ಅವಳಿಗೆ ಏಕಾಂತ ಎಲ್ಲಿ ದೊರೆಯಿತೋ. ಆದರೂ ಅವಳು ವಚನಗಳನ್ನು ರಚಿಸಿದಳು, 'ಬಸವಣ್ಣಪ್ರಿಯ ಚೆನ್ನಸಂಗಯ್ಯ' ಎಂಬ ಸ್ವಂತ ಅಂಕಿತದಲ್ಲಿ. ಅವು ಉಳಿದವು. ಅಕ್ಕನ ಮಾತನ್ನು ಗೌರವಿಸಿ ಕೇಳುವ ತಮ್ಮನಿದ್ದನು, ಅದನ್ನು ಬರೆದಿಟ್ಟು ಉಳಿಸಿಕೊಂಡ ಸಮಾಜವಿತ್ತು.

ಗವಿಯಿಂದ ಹೊರಬಂದು ಅಲ್ಲಿಯೇ ಮರದ ನೆರಳಿನಲ್ಲಿ ತೀರ್ಪನ್ನು ಬರೆದೆ. ಮೊದಲ ಸ್ಥಾನ ಯಲ್ಲಾಪುರದ ಆ ಎರಡು ಪುಟಗಳಿಗೆ. ಸ್ಪರ್ಧೆಯನ್ನು ನಡೆಸಿದ ಸಹೋದರಿಯೊಬ್ಬರು ದೂರವಾಣಿಯಲ್ಲಿ, "ಗುರುಗಳೇ, ಅದರಲ್ಲಿ ಅಕ್ಷರದೋಷ ಬಹಳ ಇವೆಯಲ್ಲ" ಎಂದು ಸಂಕೋಚದಿಂದ ಕೇಳಿದರು. "ಅಚ್ಚಿಗೆ ಹೋಗುವಾಗ ತಿದ್ದಿದರಾಯಿತು ತಾಯಿ, ಅವಳ ಹಾಳೆಯ ಮೇಲೆ ತಿದ್ದಬೇಡಿ" ಎಂದೆ. ಇಪ್ಪತ್ತೇಳು ಲೇಖನಗಳನ್ನೂ ಒಂದು ಗೆರೆಯನ್ನೂ ಎಳೆಯದೆ ಹಿಂದಿರುಗಿಸಿದ್ದೇನೆ. ಬರಲಿರುವ ವರ್ಷ ಬರೆಯಬಾರದ ತಾಯಂದಿರ ಮಾತನ್ನು ಮಕ್ಕಳು ಕೇಳಿ ಬರೆದುಕೊಡುವುದಕ್ಕೂ ಅವಕಾಶವಿರಲೆಂದು ಸೂಚಿಸಿದ್ದೇನೆ. ಹಲಸಂಗಿಯ ಗೆಳೆಯರು ಹೀಗೆ ಕೇಳಿ ಬರೆದುಕೊಳ್ಳದಿದ್ದರೆ ಬೀಸುಕಲ್ಲಿನ ಮುಂದಿನ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಆಗಿ ಬರುತ್ತಲೇ ಇರಲಿಲ್ಲ. ಅದೇ ತ್ರಿಪದಿಯಲ್ಲಿ ಸಿದ್ಧರಾಮನ ಚರಿತ್ರೆಯನ್ನು ಹಾಡಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಪ್ರಯತ್ನದಿಂದ ಒಲಿಸಿಕೊಂಡರು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದವರು ಅವರೇ. ಅವರ ಮೊದಲ ಕನ್ನಡ ಬರಹವನ್ನು ಯಾರಾದರೂ ನನ್ನಂತೆ ಕೆಂಪು ಮಸಿಯಲ್ಲಿ ತಿದ್ದಿ ಮುಚ್ಚಿಸಿದ್ದರೆ?

ಈ ಮಾಸಿಕವನ್ನು ಓದುವ ಮನೆಗಳ ಹಿರಿಯರಲ್ಲಿ, ಗಂಡುಮಕ್ಕಳಲ್ಲಿ ನನ್ನದೊಂದು ಬಿನ್ನಹ. ಮನೆಯ ತಾಯಿ ಲಿಂಗಪೂಜೆಗೆ ಕುಳಿತಾಗ ಹಾಲಿನ ಪಾತ್ರೆಯನ್ನು ನೀವು ನೋಡಿಕೊಳ್ಳಿರಿ. ಅರ್ಧ ತಾಸು ಅವಳ ಹೆಸರು ಹಿಡಿದು ಯಾರೂ ಕೂಗಬೇಡಿರಿ. ಅವಳಿಗೊಂದು ಪಟ್ಟಿ, ಒಂದು ಲೇಖನಿ ತಂದುಕೊಡಿರಿ. ಏನು ಬರೆದೆ ಎಂದು ಕೇಳಬೇಡಿರಿ. ಅವಳಾಗಿ ತಂದು, "ಇದನ್ನಷ್ಟು ನೋಡು" ಎಂದರೆ ಕೈಯಲ್ಲಿರುವ ಲೇಖನಿಯನ್ನು ಕೆಳಗಿಟ್ಟು ಓದಿರಿ.